ಸೀಗಡಿ ತಳಿ ಸುಧಾರಣೆ: ದಪ್ಪ ಸೀಗಡಿಯನ್ನಲ್ಲ, ಕುಟುಂಬವನ್ನು ಆರಿಸಿ

ಕೊಳ ಖಾಲಿ ಮಾಡುವ ದಿನ ಬಲೆಯಲ್ಲಿ ಕಂಡ ಅತಿ ದಪ್ಪ ಸೀಗಡಿಗಳನ್ನು ಹೆಕ್ಕಿ, ಅವನ್ನೇ ಮುಂದಿನ ತಲೆಮಾರಿನ ತಾಯಿ-ತಂದೆಗಳಾಗಿ ಉಳಿಸಿಕೊಳ್ಳುವ ರೂಢಿ ಬಹಳ ಕಡೆ ಇದೆ. ಮೊದಲ ಒಂದೆರಡು ತಲೆಮಾರಿನಲ್ಲಿ ಇದರಿಂದ ಲಾಭ ಕಾಣುವುದೂ ಉಂಟು. ಆಮೇಲೆ ಮೊಟ್ಟೆ ಒಡೆಯುವ ಪ್ರಮಾಣ ಇಳಿಯುತ್ತದೆ, ಒಂದೇ ತೊಟ್ಟಿಯ ಮರಿಗಳು ಒಂದೊಂದು ಗಾತ್ರಕ್ಕೆ ಬೆಳೆಯುತ್ತವೆ, ಸಣ್ಣ ಒತ್ತಡಕ್ಕೂ ಸಾಯತೊಡಗುತ್ತವೆ. ಕೊಳಗಳಲ್ಲಿ ಹೆಚ್ಚಾಗಿ ಸಾಕುವ ಬಿಳಿಕಾಲಿನ ಸೀಗಡಿ ವನಾಮಿಯ ಹೆಣ್ಣು ಒಂದು ಸಲಕ್ಕೆ 1ರಿಂದ 2.5 ಲಕ್ಷ ಮೊಟ್ಟೆ ಇಡುತ್ತದೆ. ಹಾಗಾಗಿ ಒಂದು ಕೊಳದ ಮರಿಗಳೆಲ್ಲ ಬೆರಳೆಣಿಕೆಯ ತಾಯಂದಿರಿಗೆ ಹುಟ್ಟಿದವಾಗಿರಬಹುದು, ನೀವು ಹೆಕ್ಕಿದ ದಪ್ಪ ಸೀಗಡಿಗಳು ಒಡಹುಟ್ಟಿದವೇ ಆಗಿರಬಹುದು. ಅವನ್ನು ಕೂಡಿಸಿದರೆ ಅಣ್ಣ-ತಂಗಿಯರ ಸಂತಾನವೇ ಬರುತ್ತದೆ. ಇನ್ನೊಂದು ತೊಡಕೂ ಇದೆ. ಮೂರು ದಿನ ಮೊದಲು ಹುಟ್ಟಿದ್ದಕ್ಕೆ, ಮೇವು ಚೆನ್ನಾಗಿ ಸಿಗುವ ಮೂಲೆಯಲ್ಲಿದ್ದದ್ದಕ್ಕೆ, ಅಕ್ಕಪಕ್ಕದವು ಸತ್ತು ಜಾಗ ಸಿಕ್ಕಿದ್ದಕ್ಕೆ ಕೂಡ ಸೀಗಡಿ ದಪ್ಪಗಾಗುತ್ತದೆ. ಇದ್ಯಾವುದೂ ಮರಿಗಳಿಗೆ ದಾಟುವುದಿಲ್ಲ.

ಆದ್ದರಿಂದ ಪ್ರತಿ ಸೀಗಡಿಯ ತಾಯಿ-ತಂದೆ ಯಾರು, ಅದರ ಒಡಹುಟ್ಟಿದವು ಬೇರೆ ಬೇರೆ ಕಡೆ ಹೇಗೆ ಬೆಳೆದವು, ಹೇಗೆ ಬದುಕಿದವು ಎಂದು ತಿಳಿದು ಆರಿಸಬೇಕು. ಕೆಳಗಿನ ಕ್ರಮ ಮುಖ್ಯವಾಗಿ ವನಾಮಿಯದು. ಟೈಗರ್ ಸೀಗಡಿ ಮತ್ತು ಸಿಹಿನೀರಿನ ದೊಡ್ಡ ಸೀಗಡಿಯಲ್ಲಿ ಬೇರೆಯಾಗುವ ವಿಷಯಗಳನ್ನು ಅಲ್ಲಲ್ಲೇ ಹೇಳಿದೆ.

ಒಂದು ತಲೆಮಾರಿಗೆ ಎಷ್ಟು ಸಿಗುತ್ತದೆ

ಲೆಕ್ಕ ಸರಳ: ಆಯ್ಕೆಯ ಬಿಗಿ × ಅನುವಂಶೀಯತೆ × ಹಿಂಡಿನೊಳಗಿನ ತೂಕದ ಏರಿಳಿತ (ಪ್ರಮಾಣ ವಿಚಲನೆ). ಆಯ್ಕೆಯ ಬಿಗಿ ಎಂದರೆ ಆರಿಸಿದವು ಹಿಂಡಿನ ಸರಾಸರಿಗಿಂತ ಎಷ್ಟು ಪ್ರಮಾಣ ವಿಚಲನೆಯಷ್ಟು ಮೇಲಿವೆ ಎಂಬ ಅಳತೆ. ಅನುವಂಶೀಯತೆ ಎಂದರೆ ಹಿಂಡಿನಲ್ಲಿ ಕಾಣುವ ವ್ಯತ್ಯಾಸದಲ್ಲಿ ಮರಿಗಳಿಗೆ ದಾಟುವ ಪಾಲು. ಸೀಗಡಿಯ ಬೆಳವಣಿಗೆಗೆ ಇದು ಸಾಮಾನ್ಯವಾಗಿ 0.2ರಿಂದ 0.5. ಕೊಳದಲ್ಲಿ ಬದುಕುಳಿಯುವ ಗುಣಕ್ಕೆ ತೀರಾ ಕಡಿಮೆ, ಹೆಚ್ಚಿನ ಸಲ 0.1ರ ಆಸುಪಾಸು.

ಸರಾಸರಿ 20 ಗ್ರಾಂ ತೂಗುವ ಹಿಂಡಿನಲ್ಲಿ ಪ್ರಮಾಣ ವಿಚಲನೆ 3 ಗ್ರಾಂ, ಅನುವಂಶೀಯತೆ 0.3 ಎಂದಿಟ್ಟುಕೊಳ್ಳಿ. ಮೇಲಿನ ಶೇ. 10ರಷ್ಟನ್ನು ಆರಿಸಿದರೆ ಆಯ್ಕೆಯ ಬಿಗಿ 1.755. ಗುಣಿಸಿದರೆ 1.58 ಗ್ರಾಂ, ಅಂದರೆ ಶೇ. 8ಕ್ಕೆ ತುಸು ಕಡಿಮೆ. ಶೇ. 1ನ್ನು ಮಾತ್ರ ಆರಿಸಿದರೆ ಬಿಗಿ 2.665ಕ್ಕೆ ಏರಿ 2.4 ಗ್ರಾಂ ಸಿಗುತ್ತದೆ. ತಾಯಿ-ತಂದೆಗಳ ಸಂಖ್ಯೆ ಹತ್ತನೇ ಒಂದಕ್ಕೆ ಇಳಿಯಿತು, ಲಾಭ ಮಾತ್ರ ಒಂದೂವರೆ ಪಟ್ಟಾಯಿತು ಅಷ್ಟೆ. ಆಯ್ಕೆ ಬಿಗಿ ಮಾಡುವ ಆಸೆ ಬಂದಾಗಲೆಲ್ಲ ಈ ಎರಡು ಅಂಕಿ ನೋಡಿ.

ಎಷ್ಟು ಗುಣಗಳನ್ನು ಒಟ್ಟಿಗೆ ಬೆನ್ನಟ್ಟಬೇಕು ಎಂಬುದನ್ನೂ ಮೊದಲೇ ತೀರ್ಮಾನಿಸಿ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಗುಣಗಳಿಗೆ ಸಮಾನ ಒತ್ತು ಕೊಟ್ಟರೆ ಪ್ರತಿಯೊಂದರ ವೇಗವೂ ಅರ್ಧಕ್ಕೆ ಇಳಿಯುತ್ತದೆ. ಬೆಳವಣಿಗೆ ಮತ್ತು ಕೊಳದಲ್ಲಿ ಬದುಕುಳಿಯುವಿಕೆ, ಇವೆರಡರಿಂದ ಶುರುಮಾಡಿ. ಬಣ್ಣ, ಬಾಲದ ಇಳುವರಿ, ಮೊಟ್ಟೆ ಸಂಖ್ಯೆ ಎಲ್ಲವನ್ನೂ ಮೊದಲ ವರ್ಷವೇ ತುರುಕಬೇಡಿ.

ಮೂಲ ಹಿಂಡು

ಇಲ್ಲಿ ಆದ ತಪ್ಪು ಎಷ್ಟು ತಲೆಮಾರು ಕಳೆದರೂ ಸರಿಹೋಗದು. ಮೂಲ ಹಿಂಡಿನಲ್ಲಿ ಇಲ್ಲದ ಗುಣವನ್ನು ಆಯ್ಕೆ ಹುಟ್ಟಿಸುವುದಿಲ್ಲ, ಇದ್ದದ್ದನ್ನು ಒಟ್ಟುಗೂಡಿಸುತ್ತದೆ. ಕನಿಷ್ಠ ಮೂರು-ನಾಲ್ಕು ಬೇರೆ ಬೇರೆ ಮೂಲಗಳಿಂದ ಸೀಗಡಿ ತಂದು, ಪ್ರತಿ ಮೂಲವನ್ನೂ ಉಳಿದವುಗಳ ಜೊತೆ ಅಡ್ಡ ಹಾಯಿಸಿ. ಮೊದಲ ತಲೆಮಾರಿನಲ್ಲಿ ಆಯ್ಕೆ ಸಡಿಲವಾಗಿರಲಿ. ಬಿಗಿ ಮಾಡಿದರೆ ಆ ಹೊತ್ತಿಗೆ ಮುಂದಿದ್ದ ಒಂದೇ ಮೂಲ ಇಡೀ ಹಿಂಡನ್ನು ನುಂಗುತ್ತದೆ.

ಮಾರಾಟಕ್ಕೆ ಸಿಗುವ ತಾಯಿ ಸೀಗಡಿಗಳು ಹೆಚ್ಚಾಗಿ ಕೆಲವೇ ಕುಟುಂಬಗಳಿಂದ ಬಂದವು. ಎರಡು ಬೇರೆ ಹೆಸರಿನ ಮೂಲಗಳು ಹಿಂದೆ ಒಂದೇ ಹಿಂಡಿನಿಂದ ಕವಲೊಡೆದಿರುವುದೂ ಉಂಟು. ಪ್ರತಿ ಮೂಲದಿಂದ 30-50 ಸೀಗಡಿಗಳ ಈಜುಕಾಲಿನ ತುದಿ ಕತ್ತರಿಸಿ, ಶೇ. 95ರ ಎಥನಾಲ್‌ನಲ್ಲಿಟ್ಟು ಡಿಎನ್‌ಎ ಗುರುತು ನೋಡಿಸಿ. ಈ ಖರ್ಚು ಉಳಿಸುವಂಥದ್ದಲ್ಲ.

ರೋಗಮುಕ್ತ ಎಂಬ ಪದ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಎಸ್‌ಪಿಎಫ್ (ನಿರ್ದಿಷ್ಟ ರೋಗಾಣು ಮುಕ್ತ) ಎಂದರೆ ಪಟ್ಟಿಯಲ್ಲಿರುವ ಇಂತಿಂಥ ರೋಗಾಣುಗಳು ಈ ಹಿಂಡಿನಲ್ಲಿ ಇಲ್ಲ ಎಂಬ ಆರೋಗ್ಯ ಸ್ಥಿತಿ ಮಾತ್ರ. ಅದು ವಂಶಗುಣವಲ್ಲ, ರೋಗ ತಡೆಯುವ ಶಕ್ತಿಯೂ ಅಲ್ಲ. ಎಸ್‌ಪಿಎಫ್ ಸೀಗಡಿ ಕಟ್ಟಡದಿಂದ ಹೊರಟು ಸಾಮಾನ್ಯ ನೀರಿಗೆ ಬಿದ್ದ ಕ್ಷಣ ಆ ಸ್ಥಿತಿ ಮುಗಿಯುತ್ತದೆ. ರೋಗನಿರೋಧಕ ತಳಿ ಬೇರೆ, ರೋಗಾಣು ಇದ್ದೂ ಬದುಕುವ ಸಹಿಷ್ಣು ತಳಿ ಬೇರೆ. ಸಹಿಷ್ಣು ಸೀಗಡಿ ಒಳಗೆ ವೈರಸ್ ಹೊತ್ತು ತಿರುಗಬಲ್ಲದು, ಅದನ್ನು ಶುದ್ಧ ಹಿಂಡಿಗೆ ಸೇರಿಸಿದರೆ ಅನಾಹುತ.

ಹೊಸ ರಕ್ತವನ್ನು ಬೆಳೆದ ಸೀಗಡಿಯ ರೂಪದಲ್ಲಿ ಮೂಲ ಕೇಂದ್ರದೊಳಗೆ (ತಾಯಿ-ತಂದೆಗಳನ್ನು ಶುದ್ಧವಾಗಿ ಸಾಕುವ ಕಡೆ) ಎಂದೂ ಬಿಡಬೇಡಿ. ಪ್ರತ್ಯೇಕ ಕ್ವಾರಂಟೈನ್‌ನಲ್ಲಿ ಮೊಟ್ಟೆ ಇಡಿಸಿ, ಬೆಳಕಿನತ್ತ ಈಜಿ ಬರುವ, ಮೊಟ್ಟೆಯಿಂದ ಆಗಷ್ಟೇ ಹೊರಬಂದ ಚುರುಕು ನಾಪ್ಲಿಯಸ್‌ಗಳನ್ನು ಮಾತ್ರ ಸಂಗ್ರಹಿಸಿ. ಹರಿಯುವ ಶುದ್ಧ ಸಮುದ್ರದ ನೀರಿನಲ್ಲಿ ಐದು ನಿಮಿಷ ತೊಳೆದು, 400 ಪಿಪಿಎಂ ಫಾರ್ಮಲಿನ್‌ನಲ್ಲಿ 30 ಸೆಕೆಂಡು, ನಂತರ 0.1 ಪಿಪಿಎಂ ಅಯೋಡಿನ್‌ನಲ್ಲಿ ಒಂದು ನಿಮಿಷ ಅದ್ದಿ. ಇದು ಹೊರಮೈಗೆ ಅಂಟಿದ್ದನ್ನು ತೆಗೆಯುತ್ತದೆ, ಮೊಟ್ಟೆಯೊಳಗೇ ಬರುವ ಐಎಚ್‌ಎಚ್‌ಎನ್‌ವಿಯಂಥ ವೈರಸ್ಸನ್ನು ತೆಗೆಯುವುದಿಲ್ಲ. ಅದಕ್ಕಾಗಿ ಮೊಟ್ಟೆ ಇಟ್ಟ ತಾಯಿಯನ್ನೂ ಪಿಸಿಆರ್‌ಗೆ ಕಳಿಸಿ, ಪಾಸಿಟಿವ್ ಬಂದರೆ ಅದರ ಮರಿಗಳೆಲ್ಲವನ್ನೂ ನಾಶಮಾಡಿ. ಉಳಿದ ತಾಯಂದಿರ ಮರಿಗಳು ಬೆಳೆದು ಮತ್ತೆ ಮತ್ತೆ ಶುದ್ಧವೆಂದು ತೋರಿದ ಮೇಲೆಯೇ ಒಳಪ್ರವೇಶ. ಮಾದರಿ ಎಷ್ಟು ತೆಗೆಯಬೇಕೆಂಬುದಕ್ಕೆ ಅಳತೆ ಇದೆ: ಶೇ. 2ರಷ್ಟು ಸೀಗಡಿಗಳಲ್ಲಿ ಇರುವ ಸೋಂಕನ್ನು ಶೇ. 95ರ ಖಚಿತತೆಯಿಂದ ಹಿಡಿಯಲು ಸುಮಾರು 150 ಸೀಗಡಿ ಬೇಕು. ಹತ್ತು ನೋಡಿ ಶುದ್ಧ ಎನ್ನುವುದಕ್ಕೆ ಅರ್ಥವಿಲ್ಲ.

ಎಷ್ಟು ಕುಟುಂಬ, ಎಷ್ಟು ಗಂಡು

ಒಂದು ತಲೆಮಾರಿನಲ್ಲಿ ಒಳಸಂಬಂಧ (ನಂಟರು ಕೂಡುವುದರಿಂದ ಬರುವ ರಕ್ತಸಾಮ್ಯ) ಏರುವ ವೇಗ ಹಿಂಡಿನ ಪರಿಣಾಮಕಾರಿ ಗಾತ್ರದ ಮೇಲೆ ನಿಂತಿದೆ. ಆ ಗಾತ್ರ = 4 × ಗಂಡು × ಹೆಣ್ಣು ÷ (ಗಂಡು + ಹೆಣ್ಣು). ಏರಿಕೆ = 1 ÷ (2 × ಗಾತ್ರ). 10 ಗಂಡು 40 ಹೆಣ್ಣು ಬಳಸಿದರೆ 50 ಸೀಗಡಿ ಇದ್ದರೂ ಪರಿಣಾಮಕಾರಿ ಗಾತ್ರ 32 ಮಾತ್ರ, ಒಳಸಂಬಂಧ ತಲೆಮಾರಿಗೆ ಶೇ. 1.56 ಏರುತ್ತದೆ. 50 ಗಂಡು 100 ಹೆಣ್ಣು ಬಳಸಿದರೆ ಗಾತ್ರ 133, ಏರಿಕೆ ಶೇ. 0.4ಕ್ಕಿಂತ ಕಡಿಮೆ. ತಲೆಮಾರಿಗೆ ಶೇ. 1 ದಾಟಬಾರದು ಎಂಬುದನ್ನು ಗೆರೆಯಾಗಿ ಇಟ್ಟುಕೊಳ್ಳಿ. ಗಂಡುಗಳ ಸಂಖ್ಯೆ ಕಡಿಮೆಯಾದಾಗಲೇ ಹಾನಿ ಹೆಚ್ಚು ಎಂಬುದು ಸೂತ್ರದಲ್ಲೇ ಕಾಣುತ್ತದೆ. ಮೊಟ್ಟೆಗಾಗಿ ಹೆಣ್ಣಿನ ಮೇಲೆ ಗಮನವಿಟ್ಟು ಗಂಡನ್ನು ಮರೆಯುವುದೇ ಸಾಮಾನ್ಯ ತಪ್ಪು.

ಒಂದು ಗಂಡಿಗೆ ಎರಡು ಹೆಣ್ಣು ಎಂಬ ಜೋಡಣೆ ಅತ್ಯುತ್ತಮ. ಒಂದು ತೊಟ್ಟಿಯಲ್ಲಿ ಬೆಳೆದ ಒಡಹುಟ್ಟಿದವು ಚೆನ್ನಾಗಿದ್ದರೆ ಅದು ವಂಶಗುಣವೋ, ತೊಟ್ಟಿಯ ಗುಣವೋ ಹೇಳಲಾಗದು. ಅದೇ ತಂದೆಯ ಮಕ್ಕಳು ಇನ್ನೊಂದು ತಾಯಿಯಲ್ಲಿ, ಇನ್ನೊಂದು ತೊಟ್ಟಿಯಲ್ಲಿ ಬೆಳೆದಿದ್ದರೆ ಮಾತ್ರ ಎರಡನ್ನೂ ಬೇರ್ಪಡಿಸಬಹುದು. 60ರಿಂದ 100 ಕುಟುಂಬಗಳ ಗುರಿ ಇಟ್ಟುಕೊಳ್ಳಿ. ಮೊಟ್ಟೆ ಇಡದವು, ಒಡೆಯದವು, ನಡುವೆ ಸಾಯುವವು ಇದ್ದೇ ಇರುತ್ತವೆ, ಆದ್ದರಿಂದ ಬೇಕಾದುದಕ್ಕಿಂತ ಒಂದೂವರೆ ಪಟ್ಟು ಜೋಡಿ ಯೋಜಿಸಿ.

ಪಕ್ವತೆಯ ತೊಟ್ಟಿಯಿಂದ ಮೊಟ್ಟೆಯವರೆಗೆ

ಹೆಣ್ಣು 40 ಗ್ರಾಂ, ಗಂಡು 35 ಗ್ರಾಂ ದಾಟಿರಲಿ, ವಯಸ್ಸು ಹತ್ತು ತಿಂಗಳ ಆಸುಪಾಸು. ಕಪ್ಪು ಒಳಮೈಯ ದುಂಡು ತೊಟ್ಟಿ, ಮಂದ ಬೆಳಕು, 14 ಗಂಟೆ ಬೆಳಕು 10 ಗಂಟೆ ಕತ್ತಲೆ. ಉಪ್ಪಿನಂಶ 30-35 ಪಿಪಿಟಿ, ಪಿಎಚ್ 8ರಿಂದ 8.2. ಹೆಣ್ಣಿಗೆ ತಾಪಮಾನ 28 ಡಿಗ್ರಿ ಸೆಲ್ಸಿಯಸ್. ಗಂಡುಗಳನ್ನು ಬೇರೆ ತೊಟ್ಟಿಯಲ್ಲಿ 26-27ರಲ್ಲಿ ಇಡಿ, ಬಿಸಿ ಹೆಚ್ಚಾದರೆ ವೀರ್ಯಾಣು ಸಂಖ್ಯೆ ಕುಸಿಯುತ್ತದೆ. ಮೇವಾಗಿ ಸ್ಕ್ವಿಡ್, ಕಪ್ಪೆಚಿಪ್ಪಿನ ಮಾಂಸ, ಪಾಲಿಕೀಟ್ ಎಂಬ ಸಮುದ್ರದ ಹುಳು, ಜೊತೆಗೆ ಒಣ ಮೇವು. ಹಸಿ ಮೇವು ದಿನಕ್ಕೆ ಸೀಗಡಿಗಳ ಒಟ್ಟು ತೂಕದ ಶೇ. 15-25. ಹುಳುವಿಲ್ಲದೆ ಒಳ್ಳೆಯ ಮೊಟ್ಟೆ ಸಿಗುವುದು ಕಷ್ಟ, ಆದರೆ ರೋಗ ಒಳಬರುವ ದೊಡ್ಡ ಬಾಗಿಲೂ ಅದೇ. ಫ್ರೀಜ್ ಮಾಡಿದರೆ ಬಿಳಿಚುಕ್ಕೆ ವೈರಸ್ ಸಾಯುವುದಿಲ್ಲ. ಶುದ್ಧ ಕಟ್ಟಡದಲ್ಲೇ ಸಾಕಿದ, ಪಿಸಿಆರ್ ಪರೀಕ್ಷೆಯಾದ ಹುಳುವನ್ನೇ ಕೊಡಿ.

ಒಂದು ಕಣ್ಣಿನ ತೊಟ್ಟು ತೆಗೆಯುವ ಪದ್ಧತಿ ಈಗಲೂ ವ್ಯಾಪಕ. ಅಂಡಾಶಯ ಬೆಳೆಯದಂತೆ ತಡೆಹಿಡಿಯುವ ಹಾರ್ಮೋನು ಆ ತೊಟ್ಟಿನಲ್ಲೇ ಇರುವುದರಿಂದ, ಅದನ್ನು ತೆಗೆದರೆ ಕೆಲವೇ ದಿನಗಳಲ್ಲಿ ಹೆಣ್ಣು ಪಕ್ವವಾಗುತ್ತದೆ. ತೆಗೆಯುವುದಾದರೆ ಪೊರೆ (ಮೈಯ ಹೊರಚಿಪ್ಪು) ಗಟ್ಟಿಯಿರುವಾಗ ಮಾತ್ರ; ಮೆತ್ತಗಿದ್ದಾಗ ಅಥವಾ ಪೊರೆ ಬಿಡುವ ಮೊದಲು ತೆಗೆದರೆ ಸಾವು ಹೆಚ್ಚು. ತಳಿ ಕೇಂದ್ರದಲ್ಲಿ ಇದನ್ನು ಬಿಟ್ಟುಬಿಡುವುದೇ ಒಳಿತೆಂದು ನಮ್ಮ ಅಭಿಪ್ರಾಯ. ಕಣ್ಣು ತೆಗೆಯದೆಯೂ ಪಕ್ವವಾಗುವ ಕುಟುಂಬಗಳು ಹಿಂಡಿನಲ್ಲಿ ಇರುತ್ತವೆ. ಎಲ್ಲಕ್ಕೂ ಕಣ್ಣು ತೆಗೆದರೆ ಆ ಗುಣವನ್ನು ಗುರುತಿಸುವ ಅವಕಾಶವೇ ಹೋಗುತ್ತದೆ. ಒಳ್ಳೆಯ ಮೇವು ಮತ್ತು ಕಡಿಮೆ ದಟ್ಟಣೆ ಕೊಟ್ಟು ಕಾಯಿರಿ.

ವನಾಮಿ ಹೆಣ್ಣಿನ ಬೆನ್ನಿನ ಮೇಲೆ ಟಾರ್ಚ್ ಹಿಡಿದರೆ ಅಂಡಾಶಯ ಕಾಣುತ್ತದೆ. ನಾಲ್ಕನೇ ಹಂತದಲ್ಲಿ ಅದು ದಪ್ಪ ಕಿತ್ತಳೆ ಪಟ್ಟಿಯಾಗಿ, ಹೊಟ್ಟೆಯ ಮೊದಲ ಖಂಡದಲ್ಲಿ ಉಬ್ಬಿರುತ್ತದೆ. ಸಂಜೆ ಹೊತ್ತಿಗೆ ಆ ಹಂತದಲ್ಲಿರುವ ಹೆಣ್ಣಿಗೆ ಮಾತ್ರ ಗರ್ಭಧಾರಣೆ ಮಾಡಿ. ಒಂದೇ ತೊಟ್ಟಿಯಲ್ಲಿ ಹಲವು ಗಂಡುಗಳೊಂದಿಗೆ ಬಿಟ್ಟರೆ ತಂದೆ ಯಾರೆಂದು ತಿಳಿಯದು. ಆದ್ದರಿಂದ ಯೋಜಿಸಿದ ಜೋಡಿಗೆ ಕೈಯಾರೆ ಗರ್ಭಧಾರಣೆಯೇ ದಾರಿ.

ಕೆಲಸ ಹೀಗೆ ನಡೆಯುತ್ತದೆ. ಗಂಡನ್ನು ಒದ್ದೆ ಬಟ್ಟೆಯಲ್ಲಿ ಹೊಟ್ಟೆ ಮೇಲಾಗಿ ಹಿಡಿದು, ಐದನೇ ಜೊತೆ ನಡೆಗಾಲುಗಳ ಬುಡವನ್ನು ಹೆಬ್ಬೆರಳು-ತೋರುಬೆರಳಿನಿಂದ ಮೆಲ್ಲಗೆ ಒತ್ತಿ. ಎರಡು ವೀರ್ಯಚೀಲಗಳು ಹೊರಬರುತ್ತವೆ. ಅವು ಹಾಲುಬಿಳುಪಾಗಿ ತುಂಬಿಕೊಂಡಿರಬೇಕು. ಕಂದು ಅಥವಾ ಕಪ್ಪು ಛಾಯೆ ಕಂಡರೆ ಆ ಗಂಡನ್ನು ಪಕ್ಕಕ್ಕಿಡಿ, ಒತ್ತಿದರೂ ಬಾರದಿದ್ದರೆ ಬಲ ಹಾಕಬೇಡಿ, ಗಾಯವಾದರೆ ಅದು ಮತ್ತೆ ಬಳಕೆಗೆ ಬರುವುದಿಲ್ಲ. ಹೆಣ್ಣಿನ ನಾಲ್ಕನೇ ಮತ್ತು ಐದನೇ ಜೊತೆ ಕಾಲುಗಳ ನಡುವಿನ ಜಾಗವನ್ನು ಮೆತ್ತನೆ ಕಾಗದದಿಂದ ಒತ್ತಿ ಒಣಗಿಸಿ. ಇಲ್ಲಿ ನೀರುಳಿದರೆ ಚೀಲ ಅಂಟುವುದಿಲ್ಲ, ಮೊಟ್ಟೆ ಬಂಜೆಯಾಗಲು ಹೆಚ್ಚಿನ ಸಲ ಕಾರಣ ಇದೇ. ಒಂದು ಚೀಲದೊಳಗಿನ ದ್ರವ್ಯವನ್ನು ಹಿಂಡಿ ಅಲ್ಲಿ ಹಚ್ಚಿ, ಇನ್ನೊಂದನ್ನು ಎರಡನೇ ಹೆಣ್ಣಿಗೆ ಹಚ್ಚಿ. ಹೀಗೆ ಒಂದೇ ಸಂಜೆ ಒಂದೇ ಗಂಡಿನಿಂದ ಎರಡು ಅರೆ-ಒಡಹುಟ್ಟಿದ ಕುಟುಂಬ ಸಿಗುತ್ತವೆ. ಹೆಣ್ಣು ನೀರಿನ ಹೊರಗೆ ಒಂದು ನಿಮಿಷಕ್ಕಿಂತ ಹೆಚ್ಚು ಇರದಂತೆ ನೋಡಿ. ಪ್ರತಿ ಹೆಣ್ಣನ್ನೂ ಅದರ ಸ್ವಂತ ಮೊಟ್ಟೆ ತೊಟ್ಟಿಗೆ ಬಿಡಿ. ಕೆಲವೇ ಗಂಟೆಗಳಲ್ಲಿ ಮೊಟ್ಟೆ ಇಡುತ್ತದೆ.

ಟೈಗರ್ ಸೀಗಡಿಯಲ್ಲಿ ವ್ಯವಹಾರ ಬೇರೆ. ಹೆಣ್ಣಿನ ವೀರ್ಯಕೋಶ ಮುಚ್ಚಿದ ಬಗೆಯದು, ಕೂಡುವುದು ಹೆಣ್ಣು ಪೊರೆ ಬಿಟ್ಟು ಮೆತ್ತಗಿರುವಾಗ. ಒಳಗೆ ಸೇರಿದ ವೀರ್ಯ ಮುಂದಿನ ಪೊರೆ ಬಿಡುವವರೆಗೆ ಉಳಿದಿರುತ್ತದೆ. ಪೊರೆ ಬಿಟ್ಟ ಕೂಡಲೆ ಹಳೆಯ ಚೀಲವೂ ಹೋಗುವುದರಿಂದ, ಪೊರೆ ಬಿಟ್ಟ ದಿನವನ್ನು ಪ್ರತಿ ಹೆಣ್ಣಿಗೂ ಬರೆದಿಡದಿದ್ದರೆ ಯಾವ ಮೊಟ್ಟೆಗೆ ಯಾರು ತಂದೆ ಎಂಬುದು ಗೊಂದಲವಾಗುತ್ತದೆ. ಸಾಕಿದ ಟೈಗರ್ ಗಂಡುಗಳ ವೀರ್ಯದ ಗುಣಮಟ್ಟವೇ ಈ ಜಾತಿಯಲ್ಲಿ ಹಲವು ಸಲ ಕೊರತೆಯಾಗಿ ಕಾಡುತ್ತದೆ.

ಮೊಟ್ಟೆ ಇಟ್ಟ ಕೆಲ ಗಂಟೆಗಳ ಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿ ಕೋಶ ವಿಭಜನೆಯಾದ, ಅಂದರೆ ಫಲಿತ ಮೊಟ್ಟೆಗಳ ಪ್ರಮಾಣ ಬರೆದುಕೊಳ್ಳಿ. 28-29 ಡಿಗ್ರಿಯಲ್ಲಿ 12ರಿಂದ 16 ಗಂಟೆಗೆ ನಾಪ್ಲಿಯಸ್ ಹೊರಬರುತ್ತದೆ. ಎಲ್ಲ ಕುಟುಂಬಗಳೂ ಒಂದೇ ವಾರದೊಳಗೆ ಹುಟ್ಟುವಂತೆ ಯೋಜಿಸುವುದು ಬಹಳ ಮುಖ್ಯ. ವಾರದ ಅಂತರವನ್ನು ಲೆಕ್ಕದಲ್ಲಿ ತಿದ್ದಬಹುದು, ತಿಂಗಳ ಅಂತರವನ್ನು ತಿದ್ದಲಾಗದು.

ಸಮನಾಗಿ ಬೆಳೆಸಿ, ಗುರುತು ಹಾಕಿ

ಪ್ರತಿ ಕುಟುಂಬದಿಂದ ಒಂದೇ ಸಂಖ್ಯೆಯ ನಾಪ್ಲಿಯಸ್ ತೆಗೆದು ಒಂದೇ ಅಳತೆಯ ತೊಟ್ಟಿಗೆ ಹಾಕಿ: 100 ಲೀಟರಿಗೆ 10,000 ಎಂಬುದು ನಿಭಾಯಿಸಲು ಸುಲಭವಾದ ಅಳತೆ. ಜೋಯಿಯಾ, ಮೈಸಿಸ್ ಎಂಬ ಲಾರ್ವಾ ಹಂತಗಳನ್ನು ದಾಟಿ ಪಿಎಲ್ (ಪುಟ್ಟ ಸೀಗಡಿಯ ರೂಪ ಪಡೆದ ಮರಿ) ಹಂತಕ್ಕೆ ಬಂದು ಹತ್ತು ದಿನವಾದಾಗ ಮತ್ತೊಮ್ಮೆ ಎಣಿಸಿ, ಎಲ್ಲ ತೊಟ್ಟಿಗಳಲ್ಲೂ 500ಕ್ಕೆ ಸಮ ಮಾಡಿ. ಹೆಚ್ಚು ಸತ್ತ ತೊಟ್ಟಿಯ ಉಳಿದ ಮರಿಗಳು ಜಾಗ ಸಿಕ್ಕಿದ್ದರಿಂದ ದಪ್ಪಗಾಗುತ್ತವೆ. ಈ ಹಂತದಲ್ಲಿ ಸಮ ಮಾಡದಿದ್ದರೆ ಸಾಯುವ ಕುಟುಂಬವೇ ಬೆಳವಣಿಗೆಯಲ್ಲಿ ಮೊದಲ ಸ್ಥಾನಕ್ಕೆ ಬರುತ್ತದೆ. ಸಮ ಮಾಡುವಾಗ ಕಣ್ಣಿಗೆ ಚೆಂದ ಕಂಡವನ್ನು ಆರಿಸದೆ, ಬಲೆಗೆ ಸಿಕ್ಕಿದ್ದನ್ನು ಸಿಕ್ಕಂತೆ ತೆಗೆಯಿರಿ.

1.5ರಿಂದ 2 ಗ್ರಾಂ ತೂಕವಾದಾಗ ಬಣ್ಣದ ಎಲಾಸ್ಟೋಮರ್ (ಮೈಯೊಳಗೆ ರಬ್ಬರಿನಂತೆ ಗಟ್ಟಿಯಾಗುವ ದ್ರವ) ಗುರುತನ್ನು ಸೂಜಿಯಿಂದ ಆರನೇ ಹೊಟ್ಟೆಖಂಡದ ಸ್ನಾಯುವಿಗೆ ಹಾಕಿ. ಐದು ಬಣ್ಣ, ಮೂರು ಜಾಗ ಬಳಸಿದರೆ 125 ಸಂಕೇತ ಸಿಗುತ್ತವೆ. ಕೆಂಪು-ಕಿತ್ತಳೆ-ಗುಲಾಬಿ ಬೆಳೆದ ಸೀಗಡಿಯ ಮಾಂಸದೊಳಗಿಂದ ಒಂದೇ ಥರ ಕಾಣುತ್ತವೆ, ಇವುಗಳಲ್ಲಿ ಒಂದನ್ನು ಬಿಟ್ಟರೆ ಓದುವ ತಪ್ಪು ಕಡಿಮೆ. ಸೂಜಿಯನ್ನು ಪೂರ್ತಿ ಎಳೆಯುವ ಮೊದಲೇ ಒತ್ತುವುದನ್ನು ನಿಲ್ಲಿಸಿ. ಬಣ್ಣದ ಬಾಲ ಗಾಯದ ಬಾಯಲ್ಲಿ ಉಳಿದರೆ ಮುಂದಿನ ಪೊರೆಯೊಂದಿಗೆ ಇಡೀ ಗುರುತು ಕಳಚಿ ಬೀಳುತ್ತದೆ. ತಾಯಿ-ತಂದೆಗಳಿಗೆ ಅಂಕಿಯಿರುವ ಕಣ್ಣುಂಗುರ (ಕಣ್ಣಿನ ತೊಟ್ಟಿಗೆ ತೊಡಿಸುವ ಉಂಗುರ) ಹಾಕಿ.

ತೊಟ್ಟಿ ಅದಲುಬದಲಾಗುವುದು, ನೀರಿನ ಪೈಪಿನಲ್ಲಿ ಮರಿ ಹಾರಿ ಪಕ್ಕದ ತೊಟ್ಟಿಗೆ ಬೀಳುವುದು ಎಚ್ಚರ ವಹಿಸಿದರೂ ನಡೆಯುತ್ತದೆ. ಪ್ರತಿ ಕುಟುಂಬದ ಐದಾರು ಸೀಗಡಿಗಳನ್ನು ಡಿಎನ್‌ಎಯಿಂದ ತಾಯಿ-ತಂದೆಗೆ ತಾಳೆ ನೋಡಿ. ತಾಳೆಯಾಗದ ಕುಟುಂಬವನ್ನು ದಾಖಲೆಯಿಂದ ತೆಗೆದುಹಾಕಿ. ತಪ್ಪು ವಂಶಾವಳಿ ಮುಂದಿನ ಎಲ್ಲ ಲೆಕ್ಕವನ್ನೂ ಕೆಡಿಸುತ್ತದೆ.

ಮೂರು ಕಡೆ ಪರೀಕ್ಷೆ

ಗುರುತು ಹಾಕಿದ ಒಡಹುಟ್ಟಿದವನ್ನು ಮೂರು ಪಾಲು ಮಾಡಿ. ಒಂದು ಪಾಲು ಮೂಲ ಕೇಂದ್ರದ ಶುದ್ಧ ತೊಟ್ಟಿಯಲ್ಲಿ ಉಳಿಯುತ್ತದೆ, ಮುಂದಿನ ತಾಯಿ-ತಂದೆ ಬರುವುದು ಇದರಿಂದ ಮಾತ್ರ. ಎರಡನೆಯದು ನಿಜವಾದ ಸಾಕಣೆ ಕೊಳಕ್ಕೆ, ನಿಜವಾದ ದಟ್ಟಣೆ ಮತ್ತು ಮೇವಿನಲ್ಲಿ. ಮೂರನೆಯದು ರೋಗ ಪರೀಕ್ಷೆಗೆ, ಬೇರೆ ಕಟ್ಟಡ, ಬೇರೆ ನೀರು, ಬೇರೆ ಸಿಬ್ಬಂದಿ. ಎರಡನೇ ಮತ್ತು ಮೂರನೇ ಪಾಲಿನ ಸೀಗಡಿ ಎಷ್ಟೇ ಚೆನ್ನಾಗಿದ್ದರೂ ಮೂಲ ಕೇಂದ್ರಕ್ಕೆ ವಾಪಸ್ ಬರುವುದಿಲ್ಲ. ಅವುಗಳ ಮಾಹಿತಿ ಮಾತ್ರ ಬರುತ್ತದೆ.

ಶುದ್ಧ ತೊಟ್ಟಿಯಲ್ಲಿ ಮೊದಲು ಬಂದ ಕುಟುಂಬ ಕೊಳದಲ್ಲಿ ಹಿಂದೆ ಬೀಳುವುದುಂಟು. ಈ ಅಂತರ ದೊಡ್ಡದಿದ್ದರೆ ಕೊಳದ ಅಂಕಗಳಿಗೇ ಹೆಚ್ಚು ತೂಕ ಕೊಡಿ, ಏಕೆಂದರೆ ರೈತನ ಕೈಗೆ ಹೋಗುವುದು ಕೊಳದ ಸೀಗಡಿಯೇ. ಎಲ್ಲ ಕುಟುಂಬಗಳನ್ನೂ ಒಂದೇ ಕೊಳದಲ್ಲಿ ಬೆರೆಸಿ ಸಾಕಿ, ಕನಿಷ್ಠ ಎರಡು ಕೊಳ. ಬದುಕುಳಿಯುವಿಕೆ ಅಳೆಯಲು ಸಂಖ್ಯೆ ಬೇಕು. ಕುಟುಂಬಕ್ಕೆ 40 ಸೀಗಡಿ ಬಿಟ್ಟು ಅರ್ಧ ಉಳಿದರೆ ಆ ಅಂಕಿಯ ಪ್ರಮಾಣ ದೋಷವೇ ಶೇ. 8ರಷ್ಟು. 100 ಬಿಟ್ಟರೆ ಶೇ. 5ಕ್ಕೆ ಇಳಿಯುತ್ತದೆ.

ರೋಗ ಪರೀಕ್ಷೆಯಲ್ಲಿ ಸೋಂಕಿನ ಮಾಂಸವನ್ನು ತೊಟ್ಟಿಗೆ ಸುಮ್ಮನೆ ಎಸೆದರೆ ಕೆಲವು ಹೆಚ್ಚು ತಿನ್ನುತ್ತವೆ, ಕೆಲವು ತಿನ್ನುವುದೇ ಇಲ್ಲ, ಸತ್ತವನ್ನು ಉಳಿದವು ತಿಂದು ಮತ್ತೆ ಡೋಸ್ ಪಡೆಯುತ್ತವೆ. ಒಂದೊಂದಕ್ಕೂ ತೂಕಕ್ಕೆ ತಕ್ಕಂತೆ ಅಳೆದು ಕೊಟ್ಟು, ಸತ್ತದ್ದನ್ನು ಗಂಟೆಗಂಟೆಗೂ ತೆಗೆದು, ಸತ್ತ ಸಮಯ ಬರೆಯಬೇಕು. ಎಲ್ಲವೂ ಸತ್ತರೆ ಅಥವಾ ಯಾವುದೂ ಸಾಯದಿದ್ದರೆ ಪರೀಕ್ಷೆ ವ್ಯರ್ಥ, ಸುಮಾರು ಅರ್ಧ ಸಾಯುವಂತೆ ಡೋಸನ್ನು ಮೊದಲೇ ಚಿಕ್ಕ ಪ್ರಯೋಗದಲ್ಲಿ ಹೊಂದಿಸಿ.

1992ರಲ್ಲಿ ಈಕ್ವೆಡಾರ್‌ನಲ್ಲಿ ಮೊದಲು ಗುರುತಾದ ಟೌರಾ ಎಂಬ ವೈರಸ್ ರೋಗದ ವಿರುದ್ಧ ವನಾಮಿಯಲ್ಲಿ ಆಯ್ಕೆ ಚೆನ್ನಾಗಿ ಫಲಿಸಿತು. ಆದರೆ ಹವಾಯಿಯ ಓಷಿಯಾನಿಕ್ ಇನ್‌ಸ್ಟಿಟ್ಯೂಟ್‌ನ ಕೆಲಸದಲ್ಲಿ ಟೌರಾ ನಿರೋಧಕತೆ ಮತ್ತು ಬೆಳವಣಿಗೆ ಎದುರುಬದುರು ದಿಕ್ಕಿನಲ್ಲಿ ಹೋಗುವುದೂ ಕಂಡಿತು: ಒಂದನ್ನು ಎಳೆದರೆ ಇನ್ನೊಂದು ಜಾರುತ್ತಿತ್ತು. ಅದಕ್ಕೇ ಎರಡಕ್ಕೂ ಸೇರಿಸಿ ಒಂದೇ ಸೂಚ್ಯಂಕ ಮಾಡಬೇಕು, ಒಂದು ವರ್ಷ ಇದು ಇನ್ನೊಂದು ವರ್ಷ ಅದು ಎಂಬ ಕ್ರಮ ಬೇಡ. ಬಿಳಿಚುಕ್ಕೆ ವೈರಸ್ಸಿಗೆ ಅನುವಂಶೀಯತೆ ಕಡಿಮೆ ಇರುವುದರಿಂದ ಪ್ರಗತಿ ನಿಧಾನ. ಒಂದೆರಡು ತಲೆಮಾರಿನಲ್ಲಿ ನಿರೋಧಕ ತಳಿ ಸಿಗುತ್ತದೆಂಬ ಭರವಸೆಯನ್ನು ಯಾರಿಗೂ ಕೊಡಬೇಡಿ.

ತೂಕ, ದಾಖಲೆ, ಅಂಕ

ತೂಗುವ ಮೊದಲು ಒದ್ದೆ ಬಟ್ಟೆಯ ಮೇಲೆ ನೀರಿಳಿಸಿ, 0.1 ಗ್ರಾಂವರೆಗೆ ಓದಿ. ಪೊರೆ ಬಿಟ್ಟ ಮೆತ್ತನೆ ಸೀಗಡಿ ನೀರು ಹೀರಿ ಭಾರವಾಗಿರುತ್ತದೆ, ಅದನ್ನು ದಾಖಲೆಯಲ್ಲಿ ಗುರುತಿಸಿ. ಕುಟುಂಬ ಸಂಕೇತ, ಲಿಂಗ, ತೂಕ, ತೂಗಿದ ದಿನ, ತೊಟ್ಟಿ ಅಥವಾ ಕೊಳ, ಪೊರೆ ಸ್ಥಿತಿ, ವಿಕಾರ, ಇಷ್ಟು ಪ್ರತಿ ಸೀಗಡಿಗೂ. ಒಬ್ಬರು ಓದಿ ಇನ್ನೊಬ್ಬರು ಬರೆಯುವಾಗ, ಬರೆದವರು ತಿರುಗಿ ಗಟ್ಟಿಯಾಗಿ ಓದಲಿ.

ವನಾಮಿ ಮತ್ತು ಟೈಗರ್‌ನಲ್ಲಿ ಹೆಣ್ಣು ಗಂಡಿಗಿಂತ ದೊಡ್ಡದು. ಒಟ್ಟಿಗೆ ಶ್ರೇಣಿ ಮಾಡಿದರೆ ಗಂಡುಗಳೆಲ್ಲ ಕೆಳಗೆ ಹೋಗುತ್ತವೆ. ಹೆಣ್ಣನ್ನು ಹೆಣ್ಣಿನ ಜೊತೆ, ಗಂಡನ್ನು ಗಂಡಿನ ಜೊತೆ ಹೋಲಿಸಿ. ಸಿಹಿನೀರಿನ ದೊಡ್ಡ ಸೀಗಡಿಯಲ್ಲಿ ಇದು ತಲೆಕೆಳಗು. ಅಲ್ಲಿ ಗಂಡೇ ದೊಡ್ಡದು, ಗಂಡುಗಳಲ್ಲೂ ನೀಲಿ ಕೊಂಡಿಯವು, ಕಿತ್ತಳೆ ಕೊಂಡಿಯವು, ಕುಳ್ಳವು ಎಂಬ ಮೂರು ರೂಪ. ಯಜಮಾನ ನೀಲಿ ಕೊಂಡಿಯ ಗಂಡು ಸುತ್ತಲಿನವನ್ನು ಬೆಳೆಯಗೊಡುವುದಿಲ್ಲ, ಅದನ್ನು ಹಿಡಿದು ಹೊರಹಾಕಿದರೆ ಕುಳ್ಳ ಗಂಡೇ ಬೆಳೆಯತೊಡಗುತ್ತದೆ. ಹಾಗಾಗಿ ಗಂಡಿನ ತೂಕ ನಂಬಿ ಆರಿಸುವುದು ಅಪಾಯ, ಆ ಜಾತಿಯಲ್ಲಿ ಹೆಣ್ಣುಗಳ ತೂಕವೇ ಹೆಚ್ಚು ನೆಚ್ಚಬಹುದಾದ ಅಳತೆ.

ಸೀಗಡಿಯ ಸ್ವಂತ ತೂಕ, ಒಡಹುಟ್ಟಿದವರ ಸರಾಸರಿ, ಅರೆ-ಒಡಹುಟ್ಟಿದವರ ಸರಾಸರಿ, ತಾಯಿ-ತಂದೆಯ ಅಂಕ, ಎಲ್ಲವನ್ನೂ ಸರಿಯಾದ ತೂಕದಲ್ಲಿ ಬೆರೆಸುವ ಬಿಎಲ್‌ಯುಪಿ ಲೆಕ್ಕದಿಂದ ತಳಿಮೌಲ್ಯ, ಅಂದರೆ ತಾಯಿ ಅಥವಾ ತಂದೆಯಾಗಿ ಆ ಸೀಗಡಿಯ ಬೆಲೆ, ಸಿಗುತ್ತದೆ. ವಯಸ್ಸು, ತೊಟ್ಟಿ, ಲಿಂಗದ ಪ್ರಭಾವವನ್ನು ಅದೇ ಲೆಕ್ಕ ಕಳೆಯುತ್ತದೆ. ಒಡಹುಟ್ಟಿದವರ ರೋಗ ಪರೀಕ್ಷೆಯಿಂದ ಆರಿಸುವಾಗ ಒಂದು ಮಿತಿ ನೆನಪಿರಲಿ: ವಂಶಗುಣದ ವ್ಯತ್ಯಾಸದಲ್ಲಿ ಅರ್ಧ ಕುಟುಂಬಗಳ ನಡುವೆ ಇದ್ದರೆ, ಇನ್ನರ್ಧ ಒಂದೇ ಕುಟುಂಬದ ಒಳಗೆ ಇದೆ. ಕುಟುಂಬದ ಸರಾಸರಿ ಆ ಎರಡನೇ ಅರ್ಧವನ್ನು ಮುಟ್ಟುವುದೇ ಇಲ್ಲ. ಡಿಎನ್‌ಎ ಗುರುತುಗಳಿಂದ ಅಂದಾಜಿಸುವ ಜೀನೋಮಿಕ್ ಆಯ್ಕೆ ಬೆಲೆಬಾಳುವುದು ಇಲ್ಲಿಯೇ. 2019ರಲ್ಲಿ ವನಾಮಿಯ ಜೀನೋಮ್ ಪ್ರಕಟವಾದ ಮೇಲೆ ಇದು ಸುಲಭವಾಗಿದೆ. ಬೆಳವಣಿಗೆ ಮಾತ್ರ ನೋಡುವ ಚಿಕ್ಕ ಕಾರ್ಯಕ್ರಮಕ್ಕೆ ಇದರ ಅವಸರವಿಲ್ಲ.

ಮುಂದಿನ ಜೋಡಿಗಳು

ತಳಿಮೌಲ್ಯದ ಪಟ್ಟಿ ಬಂದೊಡನೆ ಮೇಲಿನಿಂದ ಕೆಳಗೆ ಗೆರೆ ಎಳೆಯಬೇಡಿ. ಮೊದಲ ಇಪ್ಪತ್ತು ಸ್ಥಾನ ಒಂದೆರಡು ಕುಟುಂಬಗಳೇ ತುಂಬಿರುತ್ತವೆ. ಒಂದು ಕುಟುಂಬದಿಂದ ಇಷ್ಟೇ ಎಂಬ ಮಿತಿ ಹಾಕಿ, ಉದಾಹರಣೆಗೆ ನಾಲ್ಕು ಹೆಣ್ಣು ಎರಡು ಗಂಡು. ಒಡಹುಟ್ಟಿದವರ ಮರಿಗಳ ಒಳಸಂಬಂಧ ಶೇ. 25, ಅರೆ-ಒಡಹುಟ್ಟಿದವರದು ಶೇ. 12.5, ಅಣ್ಣ-ತಮ್ಮಂದಿರ ಮಕ್ಕಳು ಕೂಡಿದರೆ ಶೇ. 6.25. ಶೇ. 6.25 ಮುಟ್ಟುವ ಜೋಡಿಯನ್ನೇ ಪಟ್ಟಿಯಿಂದ ತೆಗೆದುಹಾಕಿ. ಬೆಳವಣಿಗೆಗಿಂತ ಮುಂಚೆ ಒಳಸಂಬಂಧದ ಪೆಟ್ಟು ಬೀಳುವುದು ಮೊಟ್ಟೆ ಒಡೆಯುವಿಕೆ ಮತ್ತು ಮರಿ ಉಳಿಯುವಿಕೆಯ ಮೇಲೆ, ಆದ್ದರಿಂದ ಪ್ರತಿ ತಲೆಮಾರಿನ ಈ ಎರಡು ಅಂಕಿಗಳನ್ನು ಬೇರೆ ಪುಟದಲ್ಲಿ ಸಾಲಾಗಿ ಬರೆದಿಡಿ.

ಹ್ಯಾಚರಿಗೆ ಕೊಡುವಾಗ ಗಂಡುಗಳು ಒಂದು ಗುಂಪಿನ ಕುಟುಂಬಗಳಿಂದ, ಹೆಣ್ಣುಗಳು ಅವಕ್ಕೆ ನಂಟಿಲ್ಲದ ಇನ್ನೊಂದು ಗುಂಪಿನಿಂದ ಇರಲಿ. ಆಗ ರೈತನ ಕೊಳಕ್ಕೆ ಹೋಗುವ ಮರಿಗಳಲ್ಲಿ ಒಳಸಂಬಂಧ ಇರುವುದಿಲ್ಲ. ಆದರೆ ಆ ಮರಿಗಳು ಪರಸ್ಪರ ಹತ್ತಿರದ ನಂಟರು, ಅವನ್ನೇ ಬೆಳೆಸಿ ಮತ್ತೆ ತಾಯಿ-ತಂದೆ ಮಾಡಿದ ಹ್ಯಾಚರಿ ಒಂದೇ ತಲೆಮಾರಿನಲ್ಲಿ ಪೆಟ್ಟು ತಿನ್ನುತ್ತದೆ. ಈ ಮಾತನ್ನು ಕೊಳ್ಳುವವರಿಗೆ ಬರಹದಲ್ಲೇ ತಿಳಿಸಿ.

ಸುಧಾರಣೆ ನಿಜವಾಗಿ ಆಗುತ್ತಿದೆಯೇ ಎಂದು ತಿಳಿಯಲು ಹೋಲಿಕೆಯ ಹಿಂಡು ಬೇಕು. ಈ ವರ್ಷದ ಸೀಗಡಿ ಕಳೆದ ವರ್ಷದ್ದಕ್ಕಿಂತ ದಪ್ಪ ಎಂದರೆ ಮೇವು, ಹವೆ, ನೀರು ಯಾವುದೂ ಕಾರಣವಿರಬಹುದು. ಪ್ರತಿ ತಲೆಮಾರಿನಲ್ಲೂ ತಳಿಮೌಲ್ಯದ ಸರಾಸರಿಗೆ ಹತ್ತಿರವಿರುವ ಹತ್ತು-ಹನ್ನೆರಡು ಜೋಡಿಗಳಿಂದ ಆಯ್ಕೆಯಿಲ್ಲದ ಕುಟುಂಬಗಳನ್ನು ಮಾಡಿ, ಗುರುತು ಹಾಕಿ, ಅದೇ ಕೊಳದಲ್ಲಿ ಬೆರೆಸಿ. ಆರಿಸಿದ ಮತ್ತು ಆರಿಸದ ಕುಟುಂಬಗಳ ನಡುವಿನ ಅಂತರವೇ ಆ ತಲೆಮಾರಿನ ನಿಮ್ಮ ಗಳಿಕೆ. ಅದು ಮೊದಲು ಲೆಕ್ಕ ಹಾಕಿದ್ದಕ್ಕಿಂತ ತೀರಾ ಕಡಿಮೆ ಬಂದರೆ ವಂಶಾವಳಿಯ ತಪ್ಪು, ತೊಟ್ಟಿಯ ಪ್ರಭಾವ, ಗುರುತು ಓದುವ ತಪ್ಪು, ಈ ಕ್ರಮದಲ್ಲಿ ಹುಡುಕಿ.

ಒಂದು ಕಡೆಯ ಹಿಂಡು ಹೋದರೂ ಕುಟುಂಬಗಳು ಉಳಿಯುವಂತೆ, ಮೂಲ ಕೇಂದ್ರದ ಪ್ರತಿ ಕುಟುಂಬದ ಕೆಲವು ಸೀಗಡಿಗಳನ್ನು ಬೇರೆ ನೀರಿನ ಮೂಲವಿರುವ ಎರಡನೇ ಸ್ಥಳದಲ್ಲೂ ಇಡಿ, ಕುಟುಂಬಕ್ಕೆ ಕನಿಷ್ಠ ಹತ್ತು ಹೆಣ್ಣು ಹತ್ತು ಗಂಡು. ಎರಡೂ ಕಡೆಗೆ ಒಂದೇ ಬಲೆ, ಒಂದೇ ಬೂಟು, ಒಂದೇ ಮೇವಿನ ಚೀಲ ಹೋಗಬಾರದು.